ಎಷ್ಟು ಅಡಿ ಒಡೆಯಬೇಕು?

ಗೇಟಿಗೆ ಅಂಟಿಸಿದ ಕಾಗದದ ಮೈದಾ ಅಂಟು ಇನ್ನೂ ಹಸಿಯಾಗಿತ್ತು. ಅದರ ಮೇಲಿನ ದಿನಾಂಕ ಮಾತ್ರ ಹದಿನೇಳು ದಿನ ಹಳೆಯದು. ಕೆಳಮನೆಯಲ್ಲಿ ಹೊಲಿಗೆ ಅಂಗಡಿ ನಡೆಸುವ ನನ್ನ ಕಕ್ಷಿದಾರರು ಆ ಗಾಬರಿಯಲ್ಲೂ ಒಂದು ಜಾಣತನ ಮಾಡಿದ್ದರು. ಕಾಗದವನ್ನು ಕಿತ್ತು ತರಲಿಲ್ಲ, ಮೊಬೈಲಿನಲ್ಲಿ ಚಿತ್ರ ತೆಗೆದು ತಂದರು. ಗೇಟು, ಮನೆ ಸಂಖ್ಯೆ, ನೋಟಿಸು, ಅದರ ಕೆಳಗೆ ಇಳಿಯುತ್ತಿದ್ದ ಅಂಟಿನ ಗೆರೆ ಎಲ್ಲವೂ ಒಂದೇ ಚಿತ್ರದಲ್ಲಿದ್ದವು. ಉತ್ತರ ಕೊಡಲು ನೋಟಿಸಿನಲ್ಲಿದ್ದ ಗಡುವು ಆಗಲೇ ಮುಗಿದಿತ್ತು.

ನಾನು ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲ. ತೆರವು ನೋಟಿಸು ಹಿಡಿದು ಬರುವವರ ಕೈಚೀಲದಲ್ಲಿ ಏನಿರುತ್ತದೆ ಎಂದು ಬಿಚ್ಚದೆಯೇ ಹೇಳಬಲ್ಲೆ: ಕ್ರಯಪತ್ರ, ಖಾತಾ, ಇಪ್ಪತ್ತು ವರ್ಷದ ಕಂದಾಯ ರಸೀದಿ, ಕರೆಂಟ್ ಬಿಲ್. ಇರದೇ ಇರುವುದು ಮಂಜೂರಾದ ನಕ್ಷೆ. ಕಂದಾಯ ಕಟ್ಟಿದ ಮೇಲೆ ಕಟ್ಟಡ ಸಕ್ರಮವಾದಂತೆಯೇ ಎಂದು ಓದಿದವರೂ ನಂಬಿದ್ದಾರೆ. ‘ಹೇಗೂ ಅಕ್ರಮ-ಸಕ್ರಮ ಬರುತ್ತದಲ್ಲ ಸಾರ್’ ಎನ್ನುವವರಿಗೂ ಕಡಿಮೆಯಿಲ್ಲ. ಆ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು ಎಂದರೆ ಮುಖ ಬಾಡುತ್ತದೆ.

ವೃತ್ತಿಯ ಆರಂಭದಲ್ಲಿ ನಾನು ಮಾಡಿದ್ದೊಂದು ತಪ್ಪಿದೆ. ಕಕ್ಷಿದಾರ ಹೇಳಿದ್ದನ್ನೇ ನಂಬಿ, ಇಡೀ ಮನೆ ಕಾನೂನುಬದ್ಧ ಎಂದು ಎದೆಯುಬ್ಬಿಸಿ ಉತ್ತರ ಬರೆದೆ. ವಿಚಾರಣೆಯ ದಿನ ಎದುರಿನವರು ಮೂಲ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದರು. ಎರಡನೇ ಮಹಡಿಯೇ ಅದರಲ್ಲಿರಲಿಲ್ಲ. ಅಲ್ಲಿಂದ ಮುಂದೆ ನನ್ನ ಯಾವ ಮಾತಿಗೂ ಬೆಲೆ ಉಳಿಯಲಿಲ್ಲ, ನಿಯಮದ ಪ್ರಕಾರವೇ ಇದ್ದ ಕೆಳಮನೆಯ ಬಗ್ಗೆ ಆಡಿದ ಮಾತಿಗೂ. ಆ ಮನೆ ಹೋಯಿತು. ಅದಾದ ಮೇಲೆ ಅಳತೆ ಟೇಪು ಹಿಡಿದು ಮನೆಯನ್ನು ಸುತ್ತದೆ ಒಂದು ಸಾಲನ್ನೂ ಬರೆದಿಲ್ಲ.

1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆಯ 321ನೇ ಕಲಮನ್ನು ನಿಧಾನವಾಗಿ ಓದಬೇಕು. ಆಯುಕ್ತರು ಮೊದಲು ತಾತ್ಕಾಲಿಕ ಆದೇಶ ಮಾಡಬೇಕು, ಕಾರಣ ಕೇಳಬೇಕು, ಆಮೇಲೆ ಅದನ್ನು ಸ್ಥಿರೀಕರಿಸಬೇಕು. ಇಷ್ಟನ್ನು ಎಲ್ಲ ವಕೀಲರೂ ಬಲ್ಲರು. ಕಣ್ಣು ಜಾರಿಹೋಗುವುದು ಇನ್ನೊಂದು ಮಾತಿನ ಮೇಲೆ. ಕಟ್ಟಿದ್ದನ್ನು ಕೆಡವಲು ಹೇಳಬಹುದು, ಅಥವಾ ಅದರಲ್ಲಿ ಅಕ್ರಮವಾಗಿ ಕಟ್ಟಿದಷ್ಟನ್ನು ಮಾತ್ರ. ನಿಯಮಕ್ಕೆ ಹೊಂದುವಂತೆ ಬದಲಾಯಿಸಲೂ ಹೇಳಬಹುದು. ಆ ‘ಅಷ್ಟು’ ಎಂಬ ಪದವೇ ನನ್ನ ಬಂಡವಾಳ.

ಹೀಗಾಗಿ ಹೊಲಿಗೆಯವರ ಮನೆಗೆ ಒಬ್ಬ ಎಂಜಿನಿಯರನ್ನು ಕರೆದುಕೊಂಡು ಹೋದೆ. ಮೂವತ್ತು-ನಲವತ್ತರ ನಿವೇಶನ. ಮುಂದಿನ ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಖಾಲಿ ಬಿಡಬೇಕಾದ ಜಾಗ, ಸರಿಯಾಗಿತ್ತು. ಹಿಂದೆ ಎರಡೂವರೆ ಅಡಿ ಹೊರಚಾಚಿದ ಬಾಲ್ಕನಿ, ತಾರಸಿಯ ಮೇಲೆ ನಕ್ಷೆಯಲ್ಲಿಲ್ಲದ ಒಂದು ಕೋಣೆ. ತೀರಿಹೋದ ಯಜಮಾನರು ಮಗನ ಓದಿಗೆಂದು ಅದನ್ನು ಕಟ್ಟಿಸಿದ್ದರಂತೆ. ಉಳಿದದ್ದು ನಕ್ಷೆಯಂತೆಯೇ ಇತ್ತು. ನೋಟಿಸಿನಲ್ಲಿ ಮಾತ್ರ ‘ಅನಧಿಕೃತ ಕಟ್ಟಡವನ್ನು ತೆರವುಗೊಳಿಸತಕ್ಕದ್ದು’ ಎಂಬ ಒಂದೇ ಸಾಲು. ಎಷ್ಟು ಅಡಿ, ಯಾವ ಗೋಡೆ ಎಂಬ ಮಾತೇ ಇಲ್ಲ.

ಈಗ ದಿನಾಂಕದ ವಿಷಯ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಗವಾಯಿ ಮತ್ತು ವಿಶ್ವನಾಥನ್ ಅವರ ಪೀಠ ಬುಲ್ಡೋಜರ್ ತೆರವಿನ ಬಗ್ಗೆ ಕೊಟ್ಟ ತೀರ್ಪನ್ನು ಜನ ದೊಡ್ಡ ದೊಡ್ಡ ಮಾತುಗಳಿಗಾಗಿ ನೆನಪಿಡುತ್ತಾರೆ. ನನಗೆ ಉಪಯೋಗಕ್ಕೆ ಬಂದದ್ದು ಅದರಲ್ಲಿರುವ ಗುಮಾಸ್ತಿಕೆಯ ವಿವರ. ನೋಟಿಸು ನೋಂದಾಯಿತ ಅಂಚೆಯಲ್ಲಿ ಹೋಗಬೇಕು, ಜೊತೆಗೆ ಕಟ್ಟಡಕ್ಕೂ ಅಂಟಿಸಬೇಕು. ಕೈಸೇರಿದ ಮೇಲೆ 15 ದಿನ ಕೊಡಬೇಕು. ಹಿಂದಿನ ದಿನಾಂಕ ಹಾಕಿದರು ಎಂಬ ದೂರೇ ಬಾರದಂತೆ, ನೋಟಿಸು ಜಾರಿಯಾದ ಕೂಡಲೇ ಜಿಲ್ಲಾಧಿಕಾರಿಗೆ ಇಮೇಲ್ ಕಳಿಸಬೇಕು. ಅದು ತಲುಪಿತೆಂಬ ಉತ್ತರ ತಾನಾಗಿ ಹುಟ್ಟಬೇಕು. ಅಂತಿಮ ಆದೇಶದಲ್ಲಿ, ಅಕ್ರಮದ ಭಾಗವನ್ನು ದಂಡ ಕಟ್ಟಿಸಿಕೊಂಡು ಬಿಡಬಹುದೇ, ಇಲ್ಲವಾದರೆ ಕೆಡವುವುದೊಂದೇ ದಾರಿ ಏಕೆ ಎಂದು ಬರೆಯಬೇಕು. ಆಮೇಲೂ 15 ದಿನ ಕಾಯಬೇಕು. ರಸ್ತೆ, ಕಾಲುದಾರಿ, ನದಿ, ಕೆರೆಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆಗಳಿಲ್ಲ. ರಾಜಕಾಲುವೆಯ ಮೇಲೆ ಮನೆ ಕಟ್ಟಿಕೊಂಡವರಿಗೆ ಇದನ್ನು ನಾನು ಮೊದಲೇ ಹೇಳಿ, ಶುಲ್ಕದ ಮಾತನ್ನು ಆಮೇಲೆ ಆಡುತ್ತೇನೆ.

ಬರೀ ಅಂಟಿಸಿ ಕೈತೊಳೆದುಕೊಳ್ಳುವುದರ ಬೆಲೆ ಏನೆಂದು ಪ್ರಯಾಗರಾಜದ ಪ್ರಕರಣ ತೋರಿಸಿತು. ಅಲ್ಲಿ ನೋಟಿಸು ಅಂಟಿಸಿ, ಆದೇಶ ಅಂಟಿಸಿ, ಕೊನೆಗೆ 2021ರ ಮಾರ್ಚಿನಲ್ಲಿ ನೋಂದಾಯಿತ ಅಂಚೆ ಕೈಗೆ ಬಂದ ಮರುದಿನವೇ ಮನೆಗಳನ್ನು ಕೆಡವಲಾಗಿತ್ತು. 2025ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪ್ರತಿ ಮನೆಯ ಮಾಲೀಕರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆದರೂ ಮನೆ ಬಿದ್ದು ನಾಲ್ಕು ವರ್ಷವಾಗಿತ್ತು ಎಂಬುದನ್ನು ಮರೆಯಲಾರೆ.

ಅಂಚೆ ರಸೀದಿ ಮತ್ತು ಆ ಇಮೇಲಿನ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಅದೇ ದಿನ ನೋಟಿಸಿಗೂ ಉತ್ತರ ಕೊಟ್ಟೆ. ಗಡುವು ಮುಗಿದಿದೆ ಎಂದು ಸುಮ್ಮನೆ ಕೂರಬಾರದು.

ಉತ್ತರ ಬರೆಯುವಾಗ ನನ್ನ ಕಿರಿಯ ಸಹೋದ್ಯೋಗಿಗೂ ನನಗೂ ಜಗಳವೇ ಆಯಿತು. ಬಾಲ್ಕನಿಯೂ ಕೋಣೆಯೂ ಅಕ್ರಮವೆಂದು ನಾನೇ ಒಪ್ಪಿಕೊಂಡು ಬರೆದಿದ್ದೆ. ‘ಎದುರಿನವರ ಕೆಲಸವನ್ನು ನಾವೇ ಮಾಡಿಕೊಡುವುದೇ?’ ಎಂದ. ಆಗ ನನ್ನ ತಲೆಯಲ್ಲಿದ್ದದ್ದು ಬಲ್ಗೇರಿಯದ ಒಂದು ಪ್ರಕರಣ. ಕಪ್ಪು ಸಮುದ್ರದ ದಂಡೆಯ ಸಿನೆಮೊರೆತ್ಸ್ ಎಂಬ ಊರಿನಲ್ಲಿ ಒಂದು ಜೋಡಿ ಪರವಾನಗಿಯಿಲ್ಲದೆ ಮನೆ ಕಟ್ಟಿಕೊಂಡಿತ್ತು. ಅವರಿಗೆ ಬೇರೆ ಸೂರಿರಲಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಒಂದೇ ಮನೆಯ ಬಗ್ಗೆ ಎರಡು ಉತ್ತರ ಕೊಟ್ಟಿತು. ಆಸ್ತಿಯ ಹಕ್ಕಿನ ಲೆಕ್ಕದಲ್ಲಿ ಕೆಡವಿದರೆ ತಪ್ಪಿಲ್ಲ, ಕಟ್ಟಡ ಕಾನೂನು ಮೀರಿದ್ದೇ. ಆದರೆ ಅದು ಒಬ್ಬರು ಬಾಳುವ ಮನೆ. ಅವರಿಗಾಗುವ ನಷ್ಟ, ಸಾರ್ವಜನಿಕರಿಗಾಗುವ ಲಾಭ ಎರಡನ್ನೂ ತೂಗಿ ನೋಡದೆ ಕೆಡವಿದರೆ ತಪ್ಪಾಗುತ್ತದೆ. ಪಾಲಿಕೆಯ ಕೊಠಡಿಯಲ್ಲಿ ಬಲ್ಗೇರಿಯದ ಹೆಸರೆತ್ತಿದರೆ ನಕ್ಕಾರು, ನಮ್ಮನ್ನು ಆ ತೀರ್ಪು ಕಟ್ಟಿಹಾಕುವುದೂ ಇಲ್ಲ. ಆದರೆ ನಮ್ಮ ಸಂವಿಧಾನದಲ್ಲೂ ಇವು ಎರಡು ಬೇರೆ ಬಾಗಿಲು. 1978ರ ತಿದ್ದುಪಡಿಯಿಂದ ಆಸ್ತಿ ಮೂಲಭೂತ ಹಕ್ಕಾಗಿ ಉಳಿಯದೆ 300ಎ ವಿಧಿಗೆ ಸರಿಯಿತು. ಸೂರು ಮಾತ್ರ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಇದೆ. ನಾನು ತಟ್ಟಿದ್ದು ಎರಡನೆಯ ಬಾಗಿಲನ್ನು. ಎರಡೂವರೆ ಅಡಿ ನಮ್ಮದಲ್ಲ ಎಂದು ಒಪ್ಪಿದೆವು, ನಾವೇ ಒಡೆಯುತ್ತೇವೆ ಎಂದೆವು, ಉಳಿದ ಮನೆಯ ಗೋಡೆ ಗೋಡೆಯನ್ನೂ ಅಳತೆಯೊಂದಿಗೆ ಬರೆದೆವು.

ವಿಚಾರಣೆ ಹತ್ತು ನಿಮಿಷವೂ ನಡೆಯಲಿಲ್ಲ. ಹೇಳಿದ್ದನ್ನು ಬರೆದುಕೊಳ್ಳಿ ಎಂದು ಎರಡು ಬಾರಿ ಕೇಳಬೇಕಾಯಿತು. ಮೊಬೈಲ್ ಚಿತ್ರವನ್ನು ಅಧಿಕಾರಿ ಬಹಳ ಹೊತ್ತು ನೋಡಿದರು. ಅಂಚೆ ರಸೀದಿ ಕೊನೆಗೂ ಸಿಗಲಿಲ್ಲ. ಹೊಸ ದಿನಾಂಕದ ನೋಟಿಸು ಬಂತು, ಈ ಸಲ ಅಂಚೆಯಲ್ಲಿ. ಅಂತಿಮ ಆದೇಶದಲ್ಲಿದ್ದದ್ದು ಬಾಲ್ಕನಿ ಮತ್ತು ತಾರಸಿಯ ಕೋಣೆ ಮಾತ್ರ.

ಒಡೆಯುವ ದಿನ ಹೋಗಿದ್ದೆ. ಯಂತ್ರ ಬೇಡವೆಂದು ಎಂಜಿನಿಯರ್ ಹೇಳಿದ್ದರಿಂದ ಇಬ್ಬರು ಕೂಲಿಯವರು ಉಳಿ, ಸುತ್ತಿಗೆ ಹಿಡಿದು ಕೈಯಲ್ಲೇ ಕೆಡವಿದರು. ಬಾಲ್ಕನಿಗೆ ಎರಡು ದಿನ ಹಿಡಿಯಿತು, ಕೋಣೆಗೆ ನಾಲ್ಕು. ಗೋಡೆಗೆ ಕೈ ಹಾಕುವ ಮೊದಲು ನನ್ನ ಕಕ್ಷಿದಾರೆ ಕಿಟಕಿಯ ತೇಗದ ಚೌಕಟ್ಟನ್ನು ಬಿಡಿಸಿ ಕೆಳಗಿಳಿಸಲು ಹೇಳಿದರು. ಕಳೆದ ತಿಂಗಳು ಕೋಟು ಸರಿಮಾಡಿಸಲು ಅಂಗಡಿಗೆ ಹೋದಾಗ ಅದು ಗೋಡೆಗೆ ಒರಗಿ ನಿಂತಿತ್ತು. ಅಡ್ಡ ಸರಳುಗಳಿಗೆ ಹೊಲಿದು ಮುಗಿಸಿದ ರವಿಕೆಗಳನ್ನು ನೇತುಹಾಕಿದ್ದರು.