ಭಾನುವಾರ ಎಲ್ಲಿ ಹೋಯಿತು? ವಿಮಾನದ ದೂರ, ಸಮಯ ಲೆಕ್ಕ ಹಾಕುವುದು ಹೀಗೆ

2021ರ ಜನವರಿ 9, ಶನಿವಾರ ರಾತ್ರಿ 8.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಏರ್ ಇಂಡಿಯಾ ವಿಮಾನ, ಎಲ್ಲೂ ಇಳಿಯದೆ ಬೆಂಗಳೂರು ಮುಟ್ಟಿದ್ದು ಸೋಮವಾರ ನಸುಕಿನಲ್ಲಿ, ಮೂರು ಗಂಟೆ ದಾಟಿದ ಮೇಲೆ. ಪೈಲಟ್‌ಗಳೆಲ್ಲ ಮಹಿಳೆಯರು ಎಂದು ಆಗ ದೊಡ್ಡ ಸುದ್ದಿಯಾಗಿತ್ತು. ಟಿಕೆಟ್ ನೋಡಿದರೆ 31 ತಾಸಿನ ಪಯಣ ಅನ್ನಿಸುತ್ತದೆ. ಹಾರಿದ್ದು ಸುಮಾರು 17 ತಾಸು. ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು.

ಮೊದಲು ದೂರ. ಗೋಡೆಯ ನಕ್ಷೆ ನಂಬಬೇಡಿ, ಅದು ದುಂಡಗಿನ ಭೂಮಿಯನ್ನು ಎಳೆದು ಚಪ್ಪಟೆ ಮಾಡಿದ್ದು. ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ, ಜೊತೆಗೆ ಹೂ ಕಟ್ಟುವ ದಾರ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿ ಹತ್ತಿರದ ಹಾದಿ ಹಿಡಿಯುತ್ತದೆ. ನಾನು ಮೊದಲ ಸಲ ಎಳೆದಾಗ ಪೆಸಿಫಿಕ್ ಮೇಲೆ ಹೋಗುತ್ತದೆ ಅಂದುಕೊಂಡಿದ್ದೆ. ಅದು ನೇಪಾಳ, ಚೀನಾ, ಸೈಬೀರಿಯಾ ದಾಟಿ ಅಲಾಸ್ಕಾ ಮೇಲಿಂದ ಇಳಿಯಿತು! 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ಆದರೆ ಸುತ್ತಳತೆ 94 ಸೆಂ.ಮೀ., ಅಂದರೆ 40,000 ಕಿ.ಮೀ. ದಾರ 33 ಸೆಂ.ಮೀ. ಬಂದರೆ ದೂರ ಸುಮಾರು 14,000 ಕಿ.ಮೀ.

ವಿಮಾನ ಈ ದಾರದ ಮೇಲೇ ಹೋಗುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ವಿಮಾನ ಬೇಗನೆ 10,000 ಅಡಿಗೆ, ಅಂದರೆ ಸುಮಾರು 3,000 ಮೀಟರಿಗೆ ಇಳಿಯಬೇಕು. ಅಲ್ಲಿ ಇಳಿಯಲು ಜಾಗವೆಲ್ಲಿದೆ? ಹಾಗಾಗಿ ಸುತ್ತು ಬಳಸುತ್ತಾರೆ. 2021ರ ಆ ವಿಮಾನ ಉತ್ತರ ಧ್ರುವದ ಮೇಲಿಂದಲೇ ಬಂತು. ಈ ಬಳಸುದಾರಿಗೆಂದು ನೂರಕ್ಕೆ ಏಳೆಂಟು ಸೇರಿಸಿ, 15,000 ಅನ್ನಿ.

ಈಗ ಸಮಯ. ದೊಡ್ಡ ಜೆಟ್ ವಿಮಾನದ ವೇಗ ತಾಸಿಗೆ ಸರಿಸುಮಾರು 900 ಕಿ.ಮೀ. ಭಾಗಿಸಿದರೆ ಹದಿನಾರೂಮುಕ್ಕಾಲು ತಾಸಿನ ಆಸುಪಾಸು. ಏರಿಳಿತಕ್ಕೆ ಅರ್ಧ ತಾಸು ಕೂಡಿಸಿ. ಮೇಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗಿನ ಸಮಯ ಬರುವಾಗ ಸಿಗುವುದಿಲ್ಲ. ಅರ್ಧ, ಒಂದು ತಾಸು ಆಚೀಚೆ ಆಗಿಯೇ ಆಗುತ್ತದೆ.

ಕೊನೆಗೆ ಗಡಿಯಾರ. ಎಡವುವುದೆಲ್ಲ ಇಲ್ಲೇ. ಸ್ಯಾನ್ ಫ್ರಾನ್ಸಿಸ್ಕೊಗಿಂತ ನಾವು ಚಳಿಗಾಲದಲ್ಲಿ ಹದಿಮೂರೂವರೆ ತಾಸು ಮುಂದೆ; ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಹೊರಡುವ ಹೊತ್ತನ್ನು ಮೊದಲು ನಮ್ಮ ಸಮಯಕ್ಕೆ ತಿರುಗಿಸಿ, ಆಮೇಲೆ ಹಾರುವ ತಾಸು ಕೂಡಿಸಿ. ಶನಿವಾರ ರಾತ್ರಿ 8.30 ಅಂದರೆ ಇಲ್ಲಿ ಆಗಲೇ ಭಾನುವಾರ ಬೆಳಿಗ್ಗೆ 10. ಅದಕ್ಕೆ 17 ಸೇರಿಸಿದರೆ ಸೋಮವಾರ ನಸುಕಿನ 3.

ಹೋಗುವಾಗ ಇನ್ನೂ ಮಜಾ. ಜನವರಿಯಲ್ಲಿ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು 16 ತಾಸು ಹಾರಿದರೆ ಅಲ್ಲಿ ಅದೇ ದಿನ ಸಂಜೆ 5. ಇಲ್ಲಿ ಮರುದಿನ ಬೆಳಿಗ್ಗೆ 6.30, ಹಾಲಿನವನು ಬರುವ ಹೊತ್ತಿಗೆ ‘ಅಮ್ಮಾ, ತಲುಪಿದೆ’ ಅಂತ ಫೋನ್ ಬರುತ್ತದೆ.