ಸರಾಸರಿಯೊಂದೇ ಸಾಲದು: ವಿಶ್ವಾಸಾಂತರ ನಾನು ಲೆಕ್ಕ ಹಾಕುವ ಬಗೆ

ಬಾಟಲಿ ತುಂಬುವ ಯಂತ್ರಗಳ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಯಂತ್ರವನ್ನು 500 ಮಿ.ಲೀ.ಗೆ ಹೊಂದಿಸಲಾಗಿದೆ, 16 ಬಾಟಲಿಗಳನ್ನು ಅಳೆದಾಗ ಸರಾಸರಿ 502, ಮಾನಕ ವಿಚಲನೆ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಲೆಕ್ಕ) 4 ಬಂತು ಎನ್ನೋಣ. ಯಂತ್ರ ಹೆಚ್ಚು ತುಂಬುತ್ತಿದೆಯೇ? ಸರಾಸರಿಯೊಂದನ್ನೇ ನೋಡಿ ಹೌದೆನ್ನಲು ನಾನು ಒಪ್ಪುವುದಿಲ್ಲ. ಬೇರೆ 16 ಬಾಟಲಿಗಳನ್ನು ಎತ್ತಿಕೊಂಡಿದ್ದರೆ ಬೇರೆ ಸರಾಸರಿ ಬರುತ್ತಿತ್ತು.

ಈ ಏರಿಳಿತದ ಅಳತೆಯೇ ಮಾನಕ ದೋಷ. ಮಾನಕ ವಿಚಲನೆಯನ್ನು ಮಾದರಿ ಗಾತ್ರದ ವರ್ಗಮೂಲದಿಂದ ಭಾಗಿಸಬೇಕು: ಇಲ್ಲಿ 1 ಮಿ.ಲೀ. ಅದನ್ನು ಶೇಕಡ 95ರ ಭರವಸೆಯ ಗುಣಕವಾದ 1.96ರಿಂದ ಗುಣಿಸಿ ಸರಾಸರಿಯ ಎರಡೂ ಬದಿಗೆ ಹರಡಿದರೆ 500.04ರಿಂದ 503.96. ನಿಜವಾದ ಸರಾಸರಿಯನ್ನು ಹಿಡಿಯಲು ಹಾಕಿದ ಈ ವ್ಯಾಪ್ತಿಯೇ ವಿಶ್ವಾಸಾಂತರ. ಐನೂರು ಹೊರಗುಳಿಯಿತು, ಯಂತ್ರವನ್ನು ತಿದ್ದಬೇಕು ಎನ್ನಿಸುತ್ತದೆ. ಆದರೆ 1.96 ಸಲ್ಲುವುದು ನಿಜವಾದ ಮಾನಕ ವಿಚಲನೆ ಗೊತ್ತಿದ್ದಾಗ. ನಮ್ಮ 4 ಅದೇ ಹದಿನಾರು ಬಾಟಲಿಗಳಿಂದ ಹುಟ್ಟಿದ ಅಂದಾಜು, ಅದೂ ಅಲುಗಾಡುತ್ತದೆ. ಗಿನ್ನೆಸ್ ಬ್ರೂವರಿಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬಿಡಿಸಿದ ಸಮಸ್ಯೆ ಇದೇ. ಅವರ ಕೈಗೂ ಸಿಗುತ್ತಿದ್ದದ್ದು ಸಣ್ಣ ಮಾದರಿಗಳೇ. ಸಣ್ಣ ಮಾದರಿಗಳಿಗೆ 1.96ರ ಬದಲು ಬಳಸಬೇಕಾದ ಗುಣಕಗಳ ಪಟ್ಟಿಯಾದ ಟಿ ಕೋಷ್ಟಕದಲ್ಲಿ 16ಕ್ಕಿಂತ ಒಂದು ಕಡಿಮೆ, ಅಂದರೆ 15ರ ಸಾಲಿನಲ್ಲಿ 2.131 ಇದೆ. ಅದನ್ನು ಬಳಸಿದರೆ 499.87ರಿಂದ 504.13. ಐನೂರು ಒಳಗೆ ಬಂತು! ಯಂತ್ರ ಸರಿಯಿದೆ ಎಂದು ಇದರರ್ಥವಲ್ಲ, 504 ಕೂಡ ಒಳಗೇ ಇದೆ. ಯಂತ್ರಕ್ಕೆ ಕೈಹಾಕುವಷ್ಟು ಪುರಾವೆ ಇನ್ನೂ ಇಲ್ಲ, ಅಷ್ಟೇ.

ಶೇಕಡ 95 ಎಂಬುದರ ಅರ್ಥ ನನಗೆ ಮನದಟ್ಟಾದದ್ದು ಕಂಪ್ಯೂಟರಿನಲ್ಲಿ. ನಿಜವಾದ ಸರಾಸರಿಯನ್ನು ನಾನೇ ನಿಗದಿಪಡಿಸಿ, ಸಾವಿರಾರು ಮಾದರಿಗಳನ್ನು ಸೃಷ್ಟಿಸಿ, ಪ್ರತಿಯೊಂದಕ್ಕೂ ಅಂತರ ಲೆಕ್ಕ ಹಾಕಿಸಿದೆ. ಆ ನಿಜವಾದ ಸರಾಸರಿ ಕದಲುವುದಿಲ್ಲ; ಅಂತರಗಳು ಅತ್ತಿತ್ತ ಸರಿಯುತ್ತವೆ, ನೂರಕ್ಕೆ ಸುಮಾರು 95 ಅದನ್ನು ಹಿಡಿಯುತ್ತವೆ. ಹದಿನಾರರ ಮಾದರಿಗೆ 1.96 ಬಳಸಿದರೆ ಹಿಡಿಯುವುದು ಸುಮಾರು 93, ಐದರ ಮಾದರಿಗಾದರೆ ಬರೀ 88. ಭರವಸೆ ಇರುವುದು ವಿಧಾನದ ಮೇಲೆ. ಕೈಯಲ್ಲಿರುವ ಈ ಒಂದು ಅಂತರ ಸರಾಸರಿಯನ್ನು ಹಿಡಿದಿದೆ ಅಥವಾ ಇಲ್ಲ.

ಸೂತ್ರಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ಬಾಟಲಿ ಆರಿಸುವಾಗ. ಸಾಲಾಗಿ ಬಂದ ಹದಿನಾರನ್ನು ನಾನು ಎತ್ತಿಕೊಳ್ಳುವುದಿಲ್ಲ. ಒಂದರ ಹಿಂದೊಂದು ತುಂಬಿದವು ಪರಸ್ಪರ ಹೋಲುತ್ತವೆ, ಅಂತರ ಸುಳ್ಳೇ ಕಿರಿದಾಗುತ್ತದೆ. ಪಾಳಿಯ ಉದ್ದಕ್ಕೂ ಯಾದೃಚ್ಛಿಕವಾಗಿ ಆರಿಸುತ್ತೇನೆ. ಅಳತೆಗಳು ಒಂದೇ ಕಡೆಗೆ ವಾಲಿದ್ದರೆ ಸಣ್ಣ ಮಾದರಿಯ ಟಿ ಅಂತರವನ್ನೂ ನಂಬುವುದಿಲ್ಲ. ಇನ್ನು, ಅಂತರ ಅರ್ಧವಾಗಬೇಕೆಂದರೆ ಬಾಟಲಿಗಳು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಕು. ಸರಾಸರಿಯ ಆಚೀಚೆ ಅರ್ಧ ಮಿ.ಲೀ. ಮಾತ್ರ ಇರಲಿ ಎಂದು ಯಾರಾದರೂ ಕೇಳಿದರೆ, ಸುಮಾರು 250 ಬಾಟಲಿ ಬೇಕೆಂದು ಮೊದಲೇ ತಿಳಿಸಿಬಿಡುತ್ತೇನೆ.