ನಾರ್ಮರ್ ಫಲಕವನ್ನು ನಾನು ಓದಲು ಕಲಿತದ್ದು

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಹಳೆಯ ನಾಗರಿಕತೆಗಳ ಕಲೆ ಎಂದರೆ ಬಹಳ ದಿನ ನನಗೆ ಒಂದು ಫೋಟೊ, ಅದರ ಕೆಳಗಿನ ಎರಡು ಸಾಲು, ಅಷ್ಟೇ. ಈಜಿಪ್ಟಿನ ಪ್ರಾಚೀನ ರಾಜ ನಾರ್ಮರ್ ಹೆಸರಿನ ಕೆತ್ತನೆಯ ಕಲ್ಲು, ಅಂದರೆ ನಾರ್ಮರ್ ಫಲಕದ ಸರದಿ ಬಂದಾಗ ಆ ಎರಡು ಸಾಲನ್ನು ಕಾಗದದಿಂದ ಮುಚ್ಚಿದೆ. ಕಣ್ಣಿಗೆ ಕಾಣುವುದನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ.

ಮೊದಲ ತಪ್ಪಾಗಿದ್ದು ಅಳತೆಯಲ್ಲಿ. ಮೊಬೈಲಿನಲ್ಲಿ ಅದು ಅಂಗೈಯಗಲ ಕಾಣುತ್ತದೆ. ನಿಜವಾದ ಎತ್ತರ ಸುಮಾರು 64 ಸೆಂ.ಮೀ. ಡ್ರಾಯಿಂಗ್ ಶೀಟನ್ನು ಅಷ್ಟೇ ದೊಡ್ಡದಾಗಿ, ಗುರಾಣಿಯ ಆಕಾರಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿದೆ. ಕಣ್ಣಿಗೆ ಹಚ್ಚುವ ಬಣ್ಣ ಅರೆಯುವ ಕಲ್ಲಿನ ರೂಪ ಇದರದು, ನಮ್ಮಲ್ಲಿ ಗಂಧ ತೇಯುವ ಸಾಣೆಕಲ್ಲು ಇದ್ದ ಹಾಗೆ. ಆದರೆ ಇಷ್ಟು ದೊಡ್ಡದನ್ನು ದಿನಾ ಯಾರು ಬಳಸುತ್ತಾರೆ? ಇದು ಸಿಕ್ಕಿದ್ದು 1897–98ರಲ್ಲಿ, ಈಜಿಪ್ಟಿನ ಹಳೆಯ ಪಟ್ಟಣ ಹೈರಾಕೊನ್‌ಪೊಲಿಸ್‌ನ ದೇವಸ್ಥಾನದ ಜಾಗ ಅಗೆದಾಗ. ದೇವರ ಮುಂದಿಟ್ಟ ಕಲ್ಲು ಎಂದುಕೊಂಡು ನೋಡಿದ ಮೇಲೆ ಅದರ ಮೇಲಿನ ಗೆರೆಗಳೆಲ್ಲ ಬೇರೆ ಥರ ಕಾಣತೊಡಗಿದವು.

ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದೆ: ಎತ್ತರದ ಕಿರೀಟದ ದೊಡ್ಡ ಮನುಷ್ಯ, ಕೈಯಲ್ಲಿ ಗದೆ. ಮಂಡಿಯೂರಿದವನ ಕೂದಲು ಹಿಡಿದಿದ್ದಾನೆ. ಹಿಂದೆ ಚಪ್ಪಲಿ ಹಿಡಿದ ಹುಡುಗ.

‘ಹುಡುಗ’ ಎಂದು ಬರೆದದ್ದೇ ತಪ್ಪು. ಅವನು ದೊಡ್ಡವನೇ, ರಾಜನ ಸೇವಕ. ಇಲ್ಲಿ ಗಾತ್ರ ಹೇಳುವುದು ವಯಸ್ಸನ್ನಲ್ಲ, ದೂರವನ್ನೂ ಅಲ್ಲ, ಸ್ಥಾನವನ್ನು. ಇನ್ನೊಂದು ಬದಿಯಲ್ಲಿ ಗೂಳಿಯೊಂದು ಕೋಟೆಗೋಡೆ ಕೆಡವುತ್ತಿದೆ. ಅದನ್ನು ನಾನು ಬರೀ ಪ್ರಾಣಿ ಎಂದುಕೊಂಡಿದ್ದೆ. ಅದೂ ರಾಜನೇ. ಮುಂದೆ ಈಜಿಪ್ಟಿನ ರಾಜರು ‘ಬಲಶಾಲಿ ಗೂಳಿ’ ಎಂಬ ಬಿರುದನ್ನೇ ಇಟ್ಟುಕೊಂಡರು.

ಕಲಾ ಇತಿಹಾಸಕಾರ ಎರ್ವಿನ್ ಪನಾಫ್ಸ್ಕಿ ಹೇಳುವ ಮೂರು ಮೆಟ್ಟಿಲು ನನಗೆ ಅರ್ಥವಾದದ್ದು ಈ ತಪ್ಪುಗಳಿಂದಲೇ. ಮೊದಲು ಕಾಣುವುದು. ಆಮೇಲೆ ಆ ಜನ ಅದಕ್ಕೆ ಕೊಟ್ಟಿದ್ದ ಅರ್ಥ. ಕೊನೆಗೆ, ಆ ಕಾಲ ಯಾಕೆ ಹೀಗೆ ಕೆತ್ತಿಸಿತು ಎಂಬ ಪ್ರಶ್ನೆ. ಎರಡನೆಯದಕ್ಕೆ ಸುಮ್ನೆ ನೋಡಿದರೆ ಸಾಲದು, ಓದಬೇಕು. ಎತ್ತರದ ಬಿಳಿ ಕಿರೀಟ ದಕ್ಷಿಣ ಈಜಿಪ್ಟಿನದು, ಇನ್ನೊಂದು ಬದಿಯ ಕೆಂಪು ಕಿರೀಟ ಉತ್ತರದ್ದು ಎಂಬುದು ಬಣ್ಣವಿಲ್ಲದ ಕಲ್ಲಿನಲ್ಲಿ ತಾನಾಗಿ ಹೊಳೆಯುವುದಿಲ್ಲ ಅಲ್ವಾ? ಮೇಲ್ತುದಿಯಲ್ಲಿ ಒಂದು ಮೀಸೆ ಮೀನು, ಒಂದು ಉಳಿ. ‘ನಾರ್’, ‘ಮೇರ್’, ಎರಡೂ ಸೇರಿದರೆ ರಾಜನ ಹೆಸರು. ಅಲ್ಲಿ ಚಿತ್ರವೇ ಅಕ್ಷರವಾಗಿಬಿಟ್ಟಿದೆ! ಅದನ್ನು ಕಂಡ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ನಮ್ಮೂರ ಕೆರೆ ಏರಿಯ ಮೇಲೊಂದು ವೀರಗಲ್ಲಿದೆ. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಅಜ್ಜ ಕಲಿಸಿದ್ದರು. ಸಾಲು ಸಾಲಾಗಿ ನೋಡುವ ಆ ಅಭ್ಯಾಸ ಇಲ್ಲಿ ತುಂಬಾ ಕೈಹಿಡಿಯಿತು. ಕ್ರಮ ಮಾತ್ರ ಹೊಂದಲಿಲ್ಲ. ಫಲಕದಲ್ಲಿ ಗೂಳಿಯಿಂದ ಶುರುಮಾಡಿ ಮೇಲಕ್ಕೆ ಹೋದರೆ ನನಗೆ ಕಥೆ ಕೂಡಿಬರಲಿಲ್ಲ. ನಡೆದ ಯುದ್ಧವನ್ನೇ ಕೆತ್ತಿದ್ದಾರೋ, ರಾಜ ಎಂದರೆ ಹೀಗಿರಬೇಕು ಎಂದು ತೋರಿಸಿದ್ದಾರೋ ಎಂಬುದರಲ್ಲಿ ವಿದ್ವಾಂಸರಿಗೂ ಒಮ್ಮತವಿಲ್ಲ.

ಹೆಚ್ಚು ಕಲಿಸಿದ್ದು ಪೆನ್ಸಿಲ್ಲೇ. ರಾಜನ ಮುಖ ಪಕ್ಕದಿಂದ, ಕಣ್ಣು ಮತ್ತು ಭುಜ ಎದುರಿನಿಂದ, ಕಾಲು ಮತ್ತೆ ಪಕ್ಕದಿಂದ. ಹಾಗೆ ನಿಲ್ಲಲು ಮಕ್ಕಳಿಗೆ ಹೇಳಿದೆ, ಯಾರಿಂದಲೂ ಆಗಲಿಲ್ಲ. ಕೆತ್ತಿದವನಿಗೆ ಬೇಕಿದ್ದದ್ದು ಒಂದು ಕಡೆಯಿಂದ ಕಂಡ ನೋಟವಲ್ಲ, ಪ್ರತಿ ಅಂಗವೂ ಚೆನ್ನಾಗಿ ಗುರುತು ಸಿಗುವ ನೋಟ. ತಲೆ ಕಡಿದ ಹತ್ತು ದೇಹಗಳನ್ನು ಮೇಲಿನಿಂದ ನೋಡಿದಂತೆ ಮಲಗಿಸಿದ್ದಾನೆ, ಪ್ರತಿಯೊಬ್ಬರ ತಲೆ ಅವರವರ ಕಾಲುಗಳ ನಡುವೆ. ಅದನ್ನು ಬರೆಯುವಾಗ ಕೈ ನಿಧಾನವಾಯಿತು.

ಜಾಸ್ತಿ ಹೊತ್ತು ಹಿಡಿದದ್ದು ರಾಜನ ಪಾದದ ಕೆಳಗಿನ ಇಬ್ಬರು. ಬೆತ್ತಲೆ ಮೈ, ಕೈಕಾಲು ಚೆಲ್ಲಿವೆ, ಮುಖ ಹಿಂದಕ್ಕೆ ತಿರುಗಿದೆ. ಅವರ ತಲೆಯ ಬಳಿ ಒಂದೊಂದು ಚಿಹ್ನೆ. ಅವರ ಊರಿನ ಹೆಸರೋ ಕುಲದ ಹೆಸರೋ ಇರಬಹುದು ಎನ್ನುತ್ತಾರೆ. ಆ ಎರಡು ಚಿಹ್ನೆಗಳನ್ನು ಈಗ ಪ್ರತಿ ವರ್ಷ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಪಾಠವನ್ನು ಅಲ್ಲಿಂದಲೇ ಶುರುಮಾಡುತ್ತೇನೆ.